ಈರುಳ್ಳಿ ಮಂಡಿಯಲ್ಲಿ ತೂಗಿದ ಸವಾರ

ಸೆಪ್ಟೆಂಬರ್ 21, 2025, ಭಾನುವಾರ, ಬೆಳಗ್ಗೆ ಏಳೂಕಾಲು.

ನಿನ್ನೆಯ ಪುಟದಲ್ಲಿ ಒಂದೇ ಸಾಲು ಇದೆ: "ಅಜ್ಜಂಪುರ, ಮಾವನ ಮಂಡಿ, 10.40ರಿಂದ 12.15." ಹದಿನಾಲ್ಕನೇ ವಯಸ್ಸಿನಿಂದ ದಿನಚರಿ ಬರೆಯುತ್ತಿದ್ದೇನೆ. ಜ್ವರ ಬಂದ ದಿನವೂ ಜ್ವರ ಎಷ್ಟಿತ್ತೆಂದು ಬರೆದು ಮಲಗಿದವಳು ನಾನು. ಆದರೂ ನಿನ್ನೆ ಕಡೂರಿನ ಮನೆಗೆ ಬಂದು ಕೂತರೆ ಆ ಸಾಲಿನಿಂದ ಮುಂದಕ್ಕೆ ಪೆನ್ನು ಹೋಗಲಿಲ್ಲ. ಇವತ್ತು 2018ರ ಪುಸ್ತಕವನ್ನು ಕಪಾಟಿನಿಂದ ತೆಗೆದು ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ.

ಈ ತಿಂಗಳಲ್ಲಿ ಅಜ್ಜಂಪುರದಲ್ಲಿ ಬಸ್ಸಿನಿಂದ ಇಳಿಯುವ ಮೊದಲೇ ಈರುಳ್ಳಿಯ ವಾಸನೆ ಬರುತ್ತದೆ. ಒಣಗಿದ ಈರುಳ್ಳಿಯದಲ್ಲ, ಮಳೆಗೆ ಸಿಕ್ಕಿ ಚೀಲದೊಳಗೇ ಬೆವೆತ ಈರುಳ್ಳಿಯದು. ಸೋದರಮಾವನ ಮಂಡಿಗೆ ಹೊಸ ತೂಕದ ಯಂತ್ರ ಬಂದಿದೆ. ಅಂಕಿಗಳು ಕೆಂಪಾಗಿ, ಅಂಗಳದಲ್ಲಿ ನಿಂತ ಎಲ್ಲರಿಗೂ ಕಾಣುವಂತೆ ಹೊಳೆಯುತ್ತವೆ. ಹಳೆಯ ಮುಳ್ಳಿನ ತಕ್ಕಡಿ ಮೂಲೆಯಲ್ಲಿತ್ತು, ಅದರ ಮೇಲೆ ಖಾಲಿ ಚೀಲ ಪೇರಿಸಿದ್ದರು. ಅದಕ್ಕೆ ಒರಗಿ ಕೂತು ಲೋಕಣ್ಣ ದಬ್ಬಣದಿಂದ ಚೀಲದ ಬಾಯಿ ಹೊಲಿಯುತ್ತಿದ್ದ. ಏಳು ವರ್ಷದ ಕೆಳಗೆ ಆ ಮಂಡಿಯಲ್ಲಿ ತೂಕ ಕೂಗುತ್ತಿದ್ದವನು ಅವನು, ಅದನ್ನು ಬರೆಯುತ್ತಿದ್ದವಳು ನಾನು. ಅವನು ನಿನ್ನೆ ಹೇಳಿದ ಒಂದು ಮಾತಿಗಾಗಿ ಇದನ್ನೆಲ್ಲ ಬರೆಯುತ್ತಿದ್ದೇನೆ. ಆ ಮಾತಿಗೆ ಬರುವ ಮೊದಲು 2018ರ ಈರುಳ್ಳಿ ಸುಗ್ಗಿಯನ್ನು ಕ್ರಮವಾಗಿ ಹೇಳಬೇಕು.

ಆಗ ನನಗೆ ಇಪ್ಪತ್ತು ವರ್ಷ. ಬೆಳಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಮಂಡಿಯಲ್ಲಿ ತೂಕ ಬರೆದು, ಆಮೇಲೆ ತರೀಕೆರೆ ಕಾಲೇಜಿಗೆ ಬಸ್ಸು ಹತ್ತುತ್ತಿದ್ದೆ. ಹಮಾಲರು ಚೀಲ ಎತ್ತಿ ತಕ್ಕಡಿಯ ಮೇಲಿಡುತ್ತಿದ್ದರು. ಲೋಕಣ್ಣ ಮುಳ್ಳು ನೋಡಿ ಕೂಗುತ್ತಿದ್ದ. ನಾನು ಬಾಗಿಲ ಒಳಗಿನ ಮೇಜಿನಲ್ಲಿ ಕೂತು ಅದೇ ಅಂಕಿಯನ್ನು ತಿರುಗಿ ಕೂಗಿ ಬರೆಯುತ್ತಿದ್ದೆ. ಕೂಗುವವನು ನೋಡಬೇಕು, ಬರೆಯುವವಳು ಕೇಳಬೇಕು, ಇಬ್ಬರೂ ಎರಡನ್ನೂ ಮಾಡಲು ಹೋದರೆ ಲಾರಿ ತುಂಬುವುದಿಲ್ಲ ಎನ್ನುವುದು ಮಾವನ ನಿಯಮ. ಲೋಕಣ್ಣ ಕೂಗುತ್ತಿದ್ದುದು ಮುಳ್ಳು ತೋರಿಸಿದ ತೂಕವನ್ನಲ್ಲ. ಚೀಲಕ್ಕೆ ಒಂದು ಕಿಲೊ, ಮಣ್ಣು ಸಿಪ್ಪೆಗೆ ಒಂದು ಕಿಲೊ, ಎರಡನ್ನೂ ಮನಸ್ಸಿನಲ್ಲೇ ಕಳೆದು ಕೂಗುತ್ತಿದ್ದ. ಮುಳ್ಳು ಐವತ್ತಾರರಲ್ಲಿ ನಿಂತರೆ ಅವನ ಬಾಯಲ್ಲಿ ಐವತ್ನಾಲ್ಕು ಬರುತ್ತಿತ್ತು. ಆ ಮಂಡಿಯಲ್ಲಿ ಮೊದಲಿನಿಂದ ನಡೆದುಬಂದ ಪದ್ಧತಿ ಅದು, ರೈತರು ಬೈದುಕೊಂಡೇ ಒಪ್ಪಿದ್ದರು. ನನಗೂ ಇದು ಗೊತ್ತಿತ್ತು. ಗೊತ್ತಿತ್ತು ಎಂಬುದನ್ನು ಇಲ್ಲೇ ಬರೆದಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಗೊತ್ತಿದ್ದದ್ದನ್ನು ನಾನು ಮರೆತದ್ದರಿಂದ ಆದದ್ದು.

ಲೋಕಣ್ಣನ ಮಗ ಚಂದ್ರು. ಹದಿನೇಳು ವರ್ಷ, ಎಸ್ಸೆಸ್ಸೆಲ್ಸಿ ಮುಗಿಸಿ ಮಂಡಿಯಲ್ಲೇ ಈರುಳ್ಳಿ ಆರಿಸುತ್ತಿದ್ದ. ಗಿಡ್ಡ, ತೆಳ್ಳಗೆ, ಮಾತು ಮಾತ್ರ ಉದ್ದ. ಆ ವರ್ಷದ ಮೇ ತಿಂಗಳಲ್ಲಿ ನಮ್ಮ ಬೀದಿಯ ಮದುವೆಗೆ ತರೀಕೆರೆಯ ರಾಜಣ್ಣ ತನ್ನ ಬಿಳಿ ಕುದುರೆಯನ್ನು ತಂದಿದ್ದ. ಹೆಸರು ಮಲ್ಲಿ. ಮೆರವಣಿಗೆ ಚೆನ್ನಾಗೇ ಆಯಿತು. ವಾಪಸು ಹೊರಡುವಾಗ ಮಲ್ಲಿ ಗೂಡ್ಸ್ ಆಟೋ ಹತ್ತಲು ಒಪ್ಪಲಿಲ್ಲ. ಇಬ್ಬರು ಎಳೆದರು, ಮೂವರು ತಳ್ಳಿದರು. ಅದು ನಾಲ್ಕು ಕಾಲನ್ನೂ ನೆಲಕ್ಕೆ ನೆಟ್ಟಂತೆ ನಿಂತಿತು. ಜಗಲಿಯ ಮೇಲೆ ಬಾಳೆಹಣ್ಣು ತಿನ್ನುತ್ತಾ ಕೂತಿದ್ದ ಚಂದ್ರು ಎದ್ದು ಬಂದು, "ನಾನ್ ಹತ್ಕಂಡ್ ಬರ್ಲಾ ಅಣ್ಣ?" ಎಂದು ರಾಜಣ್ಣನನ್ನು ಕೇಳಿದ.

"ಮುಂಚೆ ಯಾವ್ದಾದ್ರೂ ಕುದ್ರೆ ಹತ್ತಿದ್ದೀಯೇನ್ಲಾ?"

"ಎಮ್ಮೆ ಹತ್ತಿದ್ದೀನಿ."

"ಬಿದ್ರೆ?"

"ಬಿದ್ರೆ ನೆಲ ಐತಲ್ಲ, ಎಲ್ಲಿಗ್ ಹೋಯ್ತೀನಿ."

ಜೀನನ್ನು ಆಗಲೇ ಆಟೋದೊಳಗೆ ಕಟ್ಟಿಯಾಗಿತ್ತು. ಚಂದ್ರು ಖಾಲಿ ಈರುಳ್ಳಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ಮಲ್ಲಿಯ ಬೆನ್ನಿನ ಮೇಲೆ ಹಾಕಿ ತರೀಕೆರೆಯವರೆಗೂ ಕೂತು ಹೋದ. ರಾಜಣ್ಣ ಆಟೋದಲ್ಲಿ ಹಿಂದೆ ಹಿಂದೆ ಹೋದ. ಎಲ್ಲೂ ಬೀಳಲಿಲ್ಲ. ದಾರಿಯಲ್ಲಿ ಎದುರಿಗೆ ಬಂದ ಲಾರಿಯೊಂದು ಹಾರನ್ ಹೊಡೆದಾಗ ಮಲ್ಲಿ ಬೆದರಿತಂತೆ. ಹುಡುಗ ಹಗ್ಗ ಬಿಗಿಯುವ ಬದಲು ಸಡಿಲ ಬಿಟ್ಟು ಅದರ ಕತ್ತಿನ ಮೇಲೆ ಬಗ್ಗಿ ಏನೋ ಹೇಳಿದನಂತೆ. "ಅದ್ನ ಯಾರೂ ಕಲ್ಸಾಕಾಗಲ್ಲ ಕಣಮ್ಮ, ಕಲ್ಸಿದ್ರೂ ಬರಲ್ಲ," ಎಂದು ರಾಜಣ್ಣ ಆಮೇಲೆ ನನಗೆ ಹೇಳಿದ.

ಮದುವೆ ಕುದುರೆ ಕಟ್ಟುವ ಮೊದಲು ರಾಜಣ್ಣ ಬೆಂಗಳೂರಿನಲ್ಲಿ ರೇಸಿನ ಕುದುರೆಗಳಿಗೆ ಮೈ ತಿಕ್ಕಿ, ಹುಲ್ಲು ಹಾಕಿ, ನಡೆಸಿ ತರುವ ಕೆಲಸ ಮಾಡಿದವನು. ಜಾಕಿಗಳನ್ನು, ಅಂದರೆ ರೇಸಿನ ಸವಾರರನ್ನು, ತಯಾರು ಮಾಡುವ ಒಂದು ಶಾಲೆ ಅವನಿಗೆ ಗೊತ್ತಿತ್ತು. ಆಯ್ಕೆಯಾದರೆ ಊಟ, ವಸತಿ, ಕಲಿಕೆ ಎಲ್ಲ ಅವರದೇ, ಫೀ ಇಲ್ಲ. ವಯಸ್ಸು ಹದಿನೆಂಟರೊಳಗಿರಬೇಕು, ತೂಕ ನಲವತ್ತೈದು ಕಿಲೊ ಮೀರಬಾರದು. ಆಯ್ಕೆ ಅಕ್ಟೋಬರ್ 15ಕ್ಕೆ. ಚಂದ್ರುವಿಗೆ ಜನವರಿಯಲ್ಲಿ ಹದಿನೆಂಟು ತುಂಬುತ್ತಿತ್ತು. ಹೋದರೆ ಆ ಸಲವೇ ಹೋಗಬೇಕು, ಇನ್ನೊಂದು ಸಲ ಎಂಬುದಿಲ್ಲ.

ಮಂಡಿಯಲ್ಲಿ ಈ ಸುದ್ದಿ ಬಂದ ದಿನವೇ ವಾದ ಶುರುವಾಯಿತು. ಮಾವ ಗಲ್ಲಾದ ಮೇಲೆ ಕೈಯೂರಿ ಹೇಳಿದ:

"ಜಾಕಿ ಆಗೋದು ದುಡ್ಡಿರೋರ ಆಟ ಕಣೇ ಗಿರಿಜಾ. ಕುದ್ರೆ ಯಾರ್ದು? ದುಡ್ಡಿರೋರ್ದು. ಅವ್ರು ತಮ್ಮೋರ್ನ ಬಿಟ್ಟು ನಮ್ ಲೋಕನ ಮಗನ್ನ ಕೂರುಸ್ತಾರಾ?"

"ಫೀ ಇಲ್ಲವಂತೆ ಮಾವ."

"ಫೀ ಇಲ್ಲ ಅಂದ್ರೆ ದುಡ್ಡು ಬ್ಯಾಡ ಅಂತಲ್ಲ. ದುಡ್ಡಿದ್ದೋನು ಎರಡ್ ಸಲ ಬೀಳ್ಬೋದು. ಇಲ್ದೋನು ಒಂದೇ ಸಲ."

ರಾಜಣ್ಣನನ್ನು ಕೇಳಿದರೆ, "ಕುದ್ರೆಗೆ ಜೇಬು ಕಾಣಲ್ಲಮ್ಮ, ಬೆನ್ ಮ್ಯಾಲಿರೋನ ಮೊಣಕಾಲು ಅಷ್ಟೇ ಗೊತ್ತಾಗೋದು," ಎಂದ. ಇಬ್ಬರ ಮಾತಿನಲ್ಲೂ ಹುರುಳಿತ್ತು. ಅಳೆದು ನೋಡೋಣವೆಂದು ದಿನಚರಿಯ ಕೊನೆಯ ಪುಟದಲ್ಲಿ ನಡುವೆ ಗೆರೆ ಎಳೆದೆ. ಎಡಕ್ಕೆ ಪ್ರತಿಭೆ, ಬಲಕ್ಕೆ ದುಡ್ಡು. ಯಾವುದರಿಂದ ಚಂದ್ರುವಿಗೆ ದಾರಿಯಾಯಿತು ಅಥವಾ ಅಡ್ಡಿಯಾಯಿತು ಎಂದು ಅನಿಸಿದಾಗೆಲ್ಲ ಆ ಕಡೆ ಒಂದು ಗೆರೆ. ಅಷ್ಟಕ್ಕೇ ನಿಲ್ಲಲಿಲ್ಲ. "ತೂಕದ ಜವಾಬ್ದಾರಿ ನನಗೆ ಬಿಡು," ಎಂದು ಚಂದ್ರುವಿಗೆ ಹೇಳಿದೆ. ಪ್ರತಿ ಸೋಮವಾರ, ಗುರುವಾರ, ಮೊದಲ ಲಾರಿ ಬರುವ ಮುಂಚೆ ಅವನು ಮಂಡಿಯ ತಕ್ಕಡಿ ಹತ್ತಬೇಕು. ಅವನಪ್ಪ ಕೂಗಬೇಕು, ನಾನು ಬರೆಯಬೇಕು.

ಆಗಸ್ಟ್ 6, ಸೋಮವಾರ, ಮೊದಲ ತೂಕ. ತುಂತುರು ಮಳೆ. ಚಂದ್ರು ಅಂಗಿ ಬಿಚ್ಚಿ ತಕ್ಕಡಿ ಹತ್ತಿ ಮುಳ್ಳು ನೋಡಲು ಬಗ್ಗಿದ. "ಬಗ್ಬ್ಯಾಡ ಕಣ್ಲಾ, ಮುಳ್ಳು ಅಲ್ಲಾಡ್ತದೆ. ಬೆನ್ ಹಾಕಿ ನೆಟ್ಟಗೆ ನಿಂತ್ಕ," ಎಂದು ಲೋಕಣ್ಣ ಗದರಿದ. ಹುಡುಗ ಬೀದಿಯ ಕಡೆ ಮುಖ ಮಾಡಿ ನಿಂತ. ಲೋಕಣ್ಣ ಚೀಲಕ್ಕೆ ಕೂಗುವ ರಾಗದಲ್ಲೇ ಕೂಗಿದ, "ನಲವತ್ತೇಳೂವರೇ!" ನಾನೂ "ನಲವತ್ತೇಳೂವರೆ" ಎಂದು ತಿರುಗಿ ಕೂಗಿ ಬರೆದೆ. ಹಮಾಲರು ನಕ್ಕರು.

"ಏನಪ್ಪಾ ಜಾಕಿ, ಕ್ವಿಂಟಾಲಿಗೆ ಏನ್ ರೇಟು ಇವತ್ತು?"

"ನಾಸಿಕ್ ಮಾಲು ಕಣ್ರೋ, ನಿಮ್ ಕೈಗ್ ಸಿಗಲ್ಲ," ಎಂದ ಚಂದ್ರು.

ಎರಡೂವರೆ ಕಿಲೊ ಇಳಿಯಬೇಕು, ಹತ್ತು ವಾರ ಇದೆ ಎಂದು ಲೆಕ್ಕ ಹಾಕಿದೆ. ಅಂದಿನಿಂದ ಅವನು ಬೆಳಗಿನ ಮುದ್ದೆ ಬಿಟ್ಟ. ಮಧ್ಯಾಹ್ನ ಅರ್ಧ ಮುದ್ದೆ, ಸಂಜೆ ಒಂದು ಹಿಡಿ ಕಡಲೆ. "ಈರುಳ್ಳಿ ಆಗಿದ್ರೆ ಎರಡ್ ಸಿಪ್ಪೆ ಸುಲ್ದು ಇಳಿಸ್ಬೋದಿತ್ತು ಅಕ್ಕ," ಎನ್ನುತ್ತಿದ್ದ. ಲೋಕಣ್ಣ ಇದಕ್ಕೆ ನಗುತ್ತಿರಲಿಲ್ಲ. ಮಗ ತಟ್ಟೆ ಬಿಟ್ಟು ಎದ್ದ ದಿನ ಮಂಡಿಯಲ್ಲಿ ಅವನ ಕೂಗು ಸಣ್ಣದಾಗುತ್ತಿತ್ತು. "ತಿನ್ನೋ ವಯಸ್ಸಲ್ಲಿ ಕರಗ್ಸೋದು ಏನ್ ವಿದ್ಯೆನೋ," ಎಂದು ಒಂದು ಸಲ ಗೊಣಗಿದ್ದ. ಅದನ್ನು ನಾನು ಬರೆದುಕೊಳ್ಳಲಿಲ್ಲ. ಅಂಕಿ ಇಲ್ಲದ ಮಾತುಗಳನ್ನು ಆಗ ಬರೆದುಕೊಳ್ಳುತ್ತಿರಲಿಲ್ಲ.

ಭಾನುವಾರಗಳಲ್ಲಿ ಚಂದ್ರು ಮೊದಲ ಬಸ್ಸಿಗೆ ತರೀಕೆರೆಗೆ ಹೋಗುತ್ತಿದ್ದ. ನಾನೂ ಐದು ಸಲ ಹೋದೆ. ರಾಜಣ್ಣನ ಮನೆಯ ಹಿಂದೆ ತಗಡಿನ ಲಾಯ. ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗಿನ ಗೂಟದಲ್ಲಿ ಲಗಾಮು. ಮೊದಲ ದಿನವೇ ರಾಜಣ್ಣ ಹುಡುಗನ ಕೈ ಹಿಡಿದು ಮೂಸಿ, "ಈರುಳ್ಳಿ ಕುದ್ರೆಗೆ ವಿಷ ಕಣೋ. ಈ ಕೈ ಅದ್ರ ಬಾಯ್ ಹತ್ರ ಬಂದ್ರೆ ಒದ್ದು ಓಡುಸ್ತೀನಿ," ಎಂದಿದ್ದ. ವಾರವೆಲ್ಲ ಈರುಳ್ಳಿ ಆರಿಸಿದ ಕೈಯಿಂದ ವಾಸನೆ ಸೋಪಿಗೆ ಹೋಗುವುದಿಲ್ಲ. ಚಂದ್ರು ಒಲೆಯ ಬೂದಿ ತೆಗೆದು ಮೊಣಕೈವರೆಗೆ ಉಜ್ಜಿ, ತೊಳೆದು, ಮೂಸಿ ನೋಡಿಕೊಂಡು, ಮತ್ತೆ ಉಜ್ಜುತ್ತಿದ್ದ. ಮೂರು ಸಲ. ಅದಾದ ಮೇಲೆಯೇ ಮಲ್ಲಿಯನ್ನು ಮುಟ್ಟುತ್ತಿದ್ದದ್ದು. ಅವನು ಕೈ ಮೂಸಿಕೊಳ್ಳುವುದನ್ನು ಕಂಡರೆ ಸಾಕು, ಮಲ್ಲಿ ಕಿವಿ ಮುಂದಕ್ಕೆ ಚಾಚುತ್ತಿತ್ತು.

ನನ್ನ ಕೊನೆಯ ಪುಟ ತುಂಬುತ್ತಾ ಬಂತು. ಆಗಸ್ಟ್ 19: ಮಲ್ಲಿಗೆ ರೈಲ್ವೆ ಗೇಟು ಎಂದರೆ ಭಯ, ಹಳಿಯ ಹತ್ತಿರ ಹೋದರೆ ತಿರುಗಿ ಓಡುತ್ತಿತ್ತು. ಚಂದ್ರು ಇಳಿದು, ತಾನೇ ಹಳಿಯ ಮೇಲೆ ಕೂತು, ಹತ್ತು ನಿಮಿಷ ಸುಮ್ಮನೆ ಹುಲ್ಲು ಕಿತ್ತ. ಹನ್ನೊಂದನೇ ನಿಮಿಷಕ್ಕೆ ಮಲ್ಲಿ ತಾನಾಗಿ ಬಂದು ಅವನ ಭುಜಕ್ಕೆ ಮೂತಿ ಇಟ್ಟಿತು. ಪ್ರತಿಭೆ, ಒಂದು ಗೆರೆ. ಸೆಪ್ಟೆಂಬರ್ 2: ಹರಿದ ಚಪ್ಪಲಿಯಲ್ಲಿ, ಜೀನಿಗೆ ನೇತಾಡುವ ರಿಕಾಪಿಗೆ ಕಾಲು ನಿಲ್ಲದೆ ಸವಾರಿ ಅರ್ಧಕ್ಕೇ ನಿಂತಿತು. ದುಡ್ಡು, ಒಂದು ಗೆರೆ. ಮಾರನೆಯ ವಾರ ರಾಜಣ್ಣ ತನ್ನ ಹಳೆಯ ಬೂಟಿಗೆ ಬಟ್ಟೆ ತುರುಕಿ ಕೊಟ್ಟ. ಅದನ್ನು ಯಾವ ಕಡೆ ಬರೆಯುವುದೆಂದು ತಿಳಿಯದೆ ಬಿಟ್ಟೆ.

ಮಳೆ ಆ ವರ್ಷ ಬಿಟ್ಟು ಬಿಟ್ಟು ಬಂತು. ಮಂಡಿಯ ಅಂಗಳ ಒದ್ದೆಯಾದ ದಿನಗಳು ನನ್ನ ಪುಸ್ತಕದಲ್ಲಿ ಮೂವತ್ತೊಂದು ಇವೆ. ಈರುಳ್ಳಿ ಕೊಳೆಯುವ ಮೊದಲು ಸಾಗಿಸುವ ಅವಸರದಲ್ಲಿ ಎಲ್ಲರಿಗೂ ಮೈ ಬೆವರು, ಕಣ್ಣಲ್ಲಿ ನೀರು. ಆ ಗಲಾಟೆಯ ನಡುವೆಯೂ ತೂಕ ತಪ್ಪಲಿಲ್ಲ. ನಲವತ್ತೇಳು. ನಲವತ್ತಾರೂವರೆ. ನಲವತ್ತಾರು. ಗಣೇಶನ ಹಬ್ಬದ ಗುರುವಾರ ಮಂಡಿಗೆ ರಜೆ, ಆದ್ದರಿಂದ ಒಟ್ಟು ಇಪ್ಪತ್ತಲ್ಲ, ಹತ್ತೊಂಬತ್ತು ತೂಕ. ಹತ್ತೊಂಬತ್ತು ಸಲವೂ ಅವನು ಬೀದಿಗೆ ಮುಖ ಮಾಡಿ ನಿಂತ, ಹತ್ತೊಂಬತ್ತು ಸಲವೂ ನಾನು ಮೇಜಿನಲ್ಲೇ ಕೂತಿದ್ದೆ.

ಸೆಪ್ಟೆಂಬರ್ 27, ಗುರುವಾರ. ಲೋಕಣ್ಣ ಕೂಗಿದ, "ನಲವತ್ನಾಲ್ಕೂವರೇ!" ನಾನು ಎದ್ದು ಕುಣಿದುಬಿಟ್ಟೆ. ಇನ್ನೂ ಹದಿನೆಂಟು ದಿನ ಇರುವಾಗಲೇ ಅರ್ಧ ಕಿಲೊ ಕಡಿಮೆ! "ಇನ್ನು ಉಪವಾಸ ಸಾಕು ಕಣೋ, ಇರುವಷ್ಟನ್ನು ಉಳಿಸಿಕೋ," ಎಂದು ನಾನೇ ಹೇಳಿದೆ. ಹೇಳಿದ್ದು ನಾನು. ಮನೆಯಿಂದ ಎರಡು ಹೋಳಿಗೆ ತಂದು ಕೊಟ್ಟವಳೂ ನಾನು. ಚಂದ್ರು ಮಂಡಿಯ ಕಟ್ಟೆಯ ಮೇಲೆ ಕೂತು ಅವನ್ನು ಚೂರು ಚೂರು ಮಾಡಿ, ಒಂದೊಂದು ಚೂರನ್ನೂ ಬಹಳ ಹೊತ್ತು ಅಗಿದು ತಿಂದ. ಲೋಕಣ್ಣ ಚೀಲಗಳ ಹಿಂದೆ ನಿಂತು ಮಗ ತಿನ್ನುವುದನ್ನೇ ನೋಡುತ್ತಿದ್ದ.

ಆ ಭಾನುವಾರ, ಸೆಪ್ಟೆಂಬರ್ 30ರಂದು, ನಾವು ತರೀಕೆರೆಗೆ ಹೋದಾಗ ಲಾಯದ ಮುಂದೆ ಒಂದು ಕಾರು ನಿಂತಿತ್ತು. ಕಡೂರಿನಲ್ಲಿ ಪೆಟ್ರೋಲ್ ಬಂಕ್, ಸಿಂಗಟಗೆರೆ ಕಡೆ ತೆಂಗಿನ ತೋಟ ಇರುವವರ ಮಗ ನಿಖಿಲ್ ಬಂದಿದ್ದ. ಅದೇ ಶಾಲೆಯ ಆಯ್ಕೆಗೆ ಅವನೂ ಹೋಗುವವನಿದ್ದ. ಬೆಂಗಳೂರಿನಲ್ಲಿ ಮೂರು ತಿಂಗಳು ದುಡ್ಡು ಕಟ್ಟಿ ಸವಾರಿ ಕಲಿತಿದ್ದ, ಈಗ ಊರಿನಲ್ಲಿ ಅಭ್ಯಾಸಕ್ಕೆ ಕುದುರೆ ಬೇಕಿತ್ತು. ಹೆಲ್ಮೆಟ್ಟು, ಬೂಟು ಎಲ್ಲ ಹೊಸದು. ಮಲ್ಲಿ ಅವನನ್ನು ಕೂರಿಸಿಕೊಂಡು ಎರಡು ಸುತ್ತು ಹಾಕಿ, ಮೂರನೆಯದಕ್ಕೆ ಬೇಲಿಯ ಪಕ್ಕ ನಿಂತು ಹುಲ್ಲು ಮೇಯತೊಡಗಿತು. ಅವನು ಎಳೆದಷ್ಟೂ ಅದು ಮೇಯಿತು. ಚಂದ್ರು ಹೋಗಿ ಲಗಾಮು ಹಿಡಿದು, "ಕೈ ಬಿಗಿ ಆಯ್ತು ಗುರು. ಹೆಂಗುಸ್ರ ಜಡೆ ಹಿಡ್ದಂಗೆ ಹಿಡೀಬೇಕು, ಎಳುದ್ರೆ ಕಪಾಳಕ್ ಬೀಳ್ತದೆ," ಎಂದ. ನಿಖಿಲ್ ಜೋರಾಗಿ ನಕ್ಕ. ಕೆಟ್ಟ ಹುಡುಗ ಅಲ್ಲ. ಇಬ್ಬರೂ ಸರದಿಯಲ್ಲಿ ಒಂದೇ ಹೆಲ್ಮೆಟ್ ಹಾಕಿಕೊಂಡು ಸವಾರಿ ಮಾಡಿದರು.

ಹೊರಡುವಾಗ ರಾಜಣ್ಣ ಚಂದ್ರುವನ್ನು ಸೊಂಟ ಹಿಡಿದು ಎತ್ತಿ, ಇಳಿಸಿ, ನನ್ನ ಕಡೆ ನೋಡಿದ.

"ಎಷ್ಟು ಅಂತ ಬರ್ದಿದ್ದೀಯಮ್ಮ?"

"ನಲವತ್ತನಾಲ್ಕೂವರೆ."

"ನಂಗ್ಯಾಕೋ ಜಾಸ್ತಿ ಅನುಸ್ತದೆ. ಮೂವತ್ ವರ್ಷ ಹುಡುಗ್ರುನ್ನ ಎತ್ತಿ ಜೀನಿನ ಮ್ಯಾಲೆ ಕೂರ್ಸಿದ್ದೀನಿ."

"ನಮ್ಮನೇಲಿ ತೂಕದ ಮಷಿನ್ ಇದೆ ಅಕ್ಕ, ಗಾಜಿಂದು. ದಿನಾ ನಾನು ಅದರಲ್ಲೇ ನೋಡ್ಕೊಳ್ಳೋದು," ಎಂದ ನಿಖಿಲ್. "ಕಾರಲ್ಲೇ ಕರ್ಕೊಂಡು ಹೋಗ್ತೀವಿ, ಇವನನ್ನೂ ನೋಡಿಬಿಡೋಣ."

ಚಂದ್ರು ನನ್ನ ಮುಖ ನೋಡಿದ. ನಾನು ಚೀಲದಿಂದ ಪುಸ್ತಕ ತೆಗೆದು ಹದಿನೈದು ತೂಕವನ್ನೂ ದಿನಾಂಕದ ಸಮೇತ ತೋರಿಸಿದೆ. "ಕ್ವಿಂಟಾಲುಗಟ್ಟಲೆ ತೂಗುವ ತಕ್ಕಡಿ ಅದು. ನಮ್ಮ ಪುಸ್ತಕ ಸಾಕು," ಎಂದೆ. ರಾಜಣ್ಣ ಮಲ್ಲಿಯನ್ನು ಕಟ್ಟಲು ಹೋದ. ಅಂದಿನ ಪುಟ ಈಗ ನನ್ನ ಮುಂದಿದೆ. "ರಾಜಣ್ಣ ಅಂದಾಜಿನ ಮೇಲೆ ಮಾತಾಡುತ್ತಾನೆ," ಎಂದು ಬರೆದಿದ್ದೇನೆ.

ಅಕ್ಟೋಬರ್ 15, ಸೋಮವಾರ. ಹಿಂದಿನ ದಿನವೇ ಕಡೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ರಾಜಣ್ಣನ ನೆಂಟರ ಮನೆಯಲ್ಲಿ ಉಳಿದಿದ್ದೆವು. ದಸರಾ ಮೆರವಣಿಗೆಗೆ ಮಲ್ಲಿಯನ್ನು ಒಪ್ಪಿಸಿದ್ದರಿಂದ ರಾಜಣ್ಣ ಬರಲಿಲ್ಲ. ಚಂದ್ರು, ಲೋಕಣ್ಣ, ನಾನು. ಬೆಳಗ್ಗೆ ಒಂಬತ್ತು ಇಪ್ಪತ್ತಕ್ಕೆ ಸಾಲು ಶುರುವಾಯಿತು. ಮೊದಲು ತೂಕ, ಆಮೇಲೆ ಸವಾರಿ. ಶೆಡ್ಡಿನ ನಡುವೆ ತೂಕದ ಯಂತ್ರ, ಅದರ ಅಂಕಿಗಳು ಎದುರಿನ ಗೋಡೆಯ ಮೇಲೆ ಕೆಂಪಾಗಿ ಮೂಡುತ್ತಿದ್ದವು. ಹೆತ್ತವರನ್ನು ಹಗ್ಗದಾಚೆ ನಿಲ್ಲಿಸಿದ್ದರು. ನಿಖಿಲ್ ಹತ್ತಿದ. 44.8.

ಚಂದ್ರು ಹತ್ತಿದ. ಮಂಡಿಯ ಅಭ್ಯಾಸ, ಅಂಕಿಗೆ ಬೆನ್ನು ಹಾಕಿ ನಮ್ಮ ಕಡೆ ಮುಖ ಮಾಡಿ ನೆಟ್ಟಗೆ ನಿಂತ. ನನ್ನನ್ನು ನೋಡಿ ನಕ್ಕ. ಅಷ್ಟರಲ್ಲಿ ನನ್ನ ಹಿಂದಿನಿಂದ ಲೋಕಣ್ಣನ ಮಂಡಿಯ ದನಿ ಎದ್ದಿತು.

"ನಲವತ್ನಾಲ್ಕೂ ನಾಲ್ಕೂ!"

ಶೆಡ್ಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಕೈ ತಾನಾಗಿ ಪುಸ್ತಕದಲ್ಲಿ 44 ಎಂದು ಬರೆದಾಗಿತ್ತು. ತಲೆ ಎತ್ತಿದೆ. ಗೋಡೆಯ ಮೇಲೆ 46.4 ಇತ್ತು.

ಆ ಎರಡು ಕಿಲೊ ಎಲ್ಲಿಂದ ಬಂತೆಂದು ನನಗೆ ಆ ಕ್ಷಣದಲ್ಲೇ ತಿಳಿಯಿತು. ಚೀಲಕ್ಕೆ ಒಂದು, ಮಣ್ಣು ಸಿಪ್ಪೆಗೆ ಒಂದು.

"ಯಾರ್ರೀ ಕೂಗಿದ್ದು? ಇಲ್ಲಿ ನಲವತ್ತಾರು ಪಾಯಿಂಟ್ ನಾಲ್ಕು ಇದೆ," ಎಂದರು ತೂಕ ನೋಡುತ್ತಿದ್ದವರು. ನಾನು ಹಗ್ಗ ದಾಟಿ ಹೋಗಿ, ಒಂದು ಸಲ ಕುದುರೆಯ ಮೇಲೆ ಕೂರಿಸಿ ನೋಡಿ ಸಾರ್ ಎಂದು ಬೇಡಿಕೊಂಡೆ. ಅವರು ಒರಟಾಗಿ ಮಾತಾಡಲಿಲ್ಲ. "ಅರ್ಧ ಕಿಲೊ ಜಾಸ್ತಿ ಆಗಿದ್ರೆ ನೋಡಬಹುದಿತ್ತಮ್ಮ. ಹದಿನೈದು ದಿನ ಮುಂಚೆ ಗೊತ್ತಾಗಿದ್ರೆ ಅವನೇ ಇಳಿಸ್ಕೊಂಡು ಬರ್ತಿದ್ದ. ಮನೇಲಿ ಯಾರೂ ತೂಕ ನೋಡ್ಕೊಳ್ತಿರಲಿಲ್ವಾ?" ಎಂದರು. ನಾನು ಪುಸ್ತಕವನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಅವರ ತಪ್ಪು ಇದರಲ್ಲಿ ಏನೂ ಇಲ್ಲ.

ಚಂದ್ರು ಅಂದು ಒಂದು ಕುದುರೆಯನ್ನೂ ಮುಟ್ಟಲಿಲ್ಲ. ಬೆಳಗ್ಗೆ ನೆಂಟರ ಮನೆಯ ಅಂಗಳದಲ್ಲಿ ಮೂರು ಸಲ ಬೂದಿ ಉಜ್ಜಿ ಕೈ ತೊಳೆದುಕೊಂಡು ಬಂದಿದ್ದ. ಆ ಕೈಯನ್ನು ಅಲ್ಲಿ ಯಾವ ಕುದುರೆಯೂ ಮೂಸಲಿಲ್ಲ. ನಿಖಿಲ್ ಸವಾರಿ ಮಾಡಿದ, ಕೈ ಸ್ವಲ್ಪ ಬಿಗಿಯಾಗಿತ್ತು, ಆಯ್ಕೆಯಾದ.

ವಾಪಸಿನ ರೈಲಿನಲ್ಲಿ ಲೋಕಣ್ಣ ಬಾಗಿಲ ಹತ್ತಿರವೇ ನಿಂತಿದ್ದ. ಅಭ್ಯಾಸದ ಬಾಯಿ, ಪಾಪ ಎಂದುಕೊಂಡೆ. ತುಮಕೂರು ದಾಟಿದ ಮೇಲೆ ಚಂದ್ರು ನನ್ನ ಪುಸ್ತಕ ಕೇಳಿದ. ತೂಕದ ಪುಟವನ್ನು ಬೆರಳಿಟ್ಟು ಎಣಿಸಿದ.

"ಹತ್ತೊಂಬತ್ತು ಸಲ ಬರ್ದಿದ್ದೀಯಲ್ಲ ಅಕ್ಕ. ಒಂದ್ ಸಲನಾದ್ರೂ ಎದ್ ಬಂದು ನೋಡ್ಬೋದಿತ್ತಲ್ವಾ?"

ಬೈಯಲಿಲ್ಲ. ನಾನು ಪುಸ್ತಕ ವಾಪಸು ತೆಗೆದುಕೊಂಡು ಚೀಲದ ತಳಕ್ಕೆ ತುರುಕಿದೆ.

ಮಾರನೆಯ ದಿನ ಮಂಡಿಯಲ್ಲಿ ಮಾವ ಕೇಳಿದ, "ಏನಾಯ್ತೇ?" "ಕಡೂರಿನ ಪೆಟ್ರೋಲ್ ಬಂಕಿನವರ ಮಗನನ್ನು ತಗೊಂಡರು ಮಾವ," ಎಂದೆ. ಮಾತು ಸುಳ್ಳಲ್ಲ. "ನಾ ಹೇಳ್ಲಿಲ್ವಾ? ದುಡ್ಡು ಕಣೇ, ದುಡ್ಡು!" ಎಂದು ಮಾವ ಗಲ್ಲಾ ತಟ್ಟಿದ. ನಾನು ತಿದ್ದಲಿಲ್ಲ. ಲೋಕಣ್ಣ ತಲೆ ತಗ್ಗಿಸಿದ್ದ, ಚಂದ್ರು ಈರುಳ್ಳಿ ಆರಿಸುತ್ತಿದ್ದ. ಒಂದು ವಾರದಲ್ಲಿ ಅದು ಊರಿನ ಮಾತಾಯಿತು. ನಿಖಿಲನ ಅಪ್ಪ ಲಂಚ ಕೊಟ್ಟರೆಂಬಲ್ಲಿಗೆ ಬೆಳೆಯಿತು. ಹೆಲ್ಮೆಟ್ ಹಂಚಿಕೊಂಡ ಹುಡುಗನಿಗೆ ನಾನು ಕೊಡಿಸಿದ ಹೆಸರು ಅದು.

ನವೆಂಬರ್ 12, ಸೋಮವಾರ, ಚಂದ್ರು ಮನೆ ಬಿಟ್ಟ. ಹೋಗುವ ಮುಂಚೆ ತರೀಕೆರೆಗೆ ಹೋಗಿ ರಾಜಣ್ಣನ ಬೂಟನ್ನು ಎಣ್ಣೆ ಹಾಕಿ ಒರೆಸಿ, ಲಾಯದ ಬಾಗಿಲಲ್ಲಿಟ್ಟು ಹೋಗಿದ್ದ. ನನಗೆ ಹೇಳಿ ಹೋಗಲಿಲ್ಲ.

ಕೊನೆಯ ಪುಟದಲ್ಲಿ ಅಕ್ಟೋಬರ್ 14ರವರೆಗೆ ಪ್ರತಿಭೆಯ ಕಡೆ ಇಪ್ಪತ್ತಮೂರು ಗೆರೆ, ದುಡ್ಡಿನ ಕಡೆ ಹದಿನೇಳು ಇವೆ. ಅಕ್ಟೋಬರ್ 15ಕ್ಕೆ ಗೆರೆಯೇ ಇಲ್ಲ. ನಿಖಿಲನ ಮನೆಯ ಗಾಜಿನ ಯಂತ್ರ ದುಬಾರಿಯದೇನೂ ಅಲ್ಲ, ನನ್ನ ಬಸ್ ಪಾಸಿನ ದುಡ್ಡಿಗೆ ಬರುತ್ತಿತ್ತು. ದುಡ್ಡು ಅವನಿಗೆ ಕೊಟ್ಟದ್ದು ಕುದುರೆಯನ್ನಲ್ಲ, ದಿನಾ ಬೆಳಗ್ಗೆ ತನ್ನ ತೂಕವನ್ನು ತಾನೇ ನೋಡಿಕೊಳ್ಳುವ ಅವಕಾಶವನ್ನು. ಚಂದ್ರುವಿನ ತೂಕವನ್ನು ಒಬ್ಬರು ಕೂಗಿ ಇನ್ನೊಬ್ಬರು ಬರೆದರು. ಪ್ರತಿಭೆಗೆ ಸರದಿಯೇ ಬರಲಿಲ್ಲ. ಹಾಗಾದರೆ ದುಡ್ಡೇ ದೊಡ್ಡದು ಎಂದು ಬರೆಯಲು ಎಷ್ಟೋ ಸಲ ಪುಟ ತೆರೆದಿದ್ದೇನೆ. ಆದರೆ ಆ ಯಂತ್ರದಲ್ಲಿ ಪುಕ್ಕಟೆ ತೂಗಿ ನೋಡಲು ಅವನೇ ಕರೆದಿದ್ದ. ಬೇಡವೆಂದವಳು ನಾನು. ಅದಕ್ಕೆ ನನ್ನ ಹೆಸರಿನ ಮೂರನೆಯ ಸಾಲೊಂದು ಬೇಕಿತ್ತು, ಅದನ್ನು ನಾನು ಎಳೆದಿರಲಿಲ್ಲ.

ಇನ್ನು ನಿನ್ನೆಯದು. ಲೋಕಣ್ಣನ ಪಕ್ಕ ಖಾಲಿ ಚೀಲದ ಮೇಲೆ ಕೂತು ಮಗನ ವಿಚಾರ ಕೇಳಿದೆ.

"ಕುದ್ರೆ ಇರೋ ಕಡೆ ಎಲ್ಲೋ ಅವ್ನೆ ಕಣವ್ವ. ಹಬ್ಬಕ್ಕೆ ಫೋನ್ ಮಾಡ್ತಾನೆ. ನಂಬರು ಸಲಕ್ಕೊಂದು. ಊರು ಮಾತ್ರ ಹೇಳಲ್ಲ."

ಸಮಾಧಾನ ಹೇಳುವವಳಂತೆ, "ಏನು ಮಾಡೋದು ಲೋಕಣ್ಣ, ಇಷ್ಟು ವರ್ಷದ ಅಭ್ಯಾಸ. ನಿನ್ನ ಬಾಯಿ ತಪ್ಪಿದ್ದು, ನಾನು ನೋಡದೇ ಹೋದದ್ದು," ಎಂದೆ.

ಅವನು ಹುರಿ ಕಚ್ಚಿ ಹರಿದ.

"ಬಾಯ್ ತಪ್ಪಿದ್ದಲ್ಲವ್ವ. ಮೊದ್ಲು ನಾಕ್ ಐದ್ ವಾರ ತಪ್ಪಿದ್ದು ನಿಜ. ಗಣೇಶನ ಹಬ್ಬದ್ ಹೊತ್ಗೆ ನಂಗೇ ಗೊತ್ತಾಯ್ತು. ಆವಾಗ್ಲೇ ಹುಡ್ಗ ಒಣಗಿ ಕಡ್ಡಿ ಆಗಿದ್ದ. ಇನ್ನೂ ಎರಡ್ ಕಿಲೊ ಐತೆ ಅಂದಿದ್ರೆ ನೀರೂ ಬಿಡ್ತಿದ್ದ. ಎರಡ್ ಕಿಲೊ ತಾನೆ ಅಂದ್ಕಂಡೆ. ಇಷ್ಟ್ ವರ್ಷ ಎರಡ್ ಕಿಲೊ ಕಳ್ದು ಕೂಗಿದ್ದೀನಿ, ಯಾರಾದ್ರೂ ಒಪ್ದೆ ಹೋಗವ್ರಾ? ಅಲ್ಲೂ ಬಟ್ಟೆ ಬರೆ ಅಂತ ಕಳೀತಾರೆ ಅಂದ್ಕಂಡೆ."

"ಮತ್ತೆ ಅಲ್ಲಿ ಕೂಗಿದ್ದು?"

"ಕಳೀಲಿಲ್ಲವಲ್ಲವ್ವ. ಗ್ವಾಡೆ ಮ್ಯಾಲೆ ನಲವತ್ತಾರು ಬಂತು. ನಾನ್ ಕೂಗಿದ್ನ ನೀನು ಬರ್ಕಂತಿದ್ದೆ. ಅವ್ರೂ ಬರ್ಕಂಡಾರು ಅಂತ ಕೂಗ್ದೆ."

ಹೊಸ ಯಂತ್ರದ ಮೇಲೆ ಇನ್ನೊಂದು ಚೀಲ ಬಿತ್ತು. ನಾನು ಏಳುವಾಗ ಲೋಕಣ್ಣ, "ಅವ್ನು ಸಿಕ್ಕಿದ್ರೆ ನೀನೇ ಹೇಳವ್ವ. ನನ್ ಬಾಯಿಗೆ ಬರಲ್ಲ," ಎಂದ.

ಅದಕ್ಕಾಗಿ ಈ ಪುಟಗಳನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ, ಓದುವವರಲ್ಲಿ ಒಂದು ವಿನಂತಿ. ಎಲ್ಲಾದರೂ ಕುದುರೆ ಲಾಯದಲ್ಲಿ, ಮದುವೆಯ ಮೆರವಣಿಗೆಯಲ್ಲಿ, ರೇಸಿನ ಅಂಗಳದ ಹಿಂಬಾಗಿಲಲ್ಲಿ, ಇಪ್ಪತ್ತನಾಲ್ಕು ವರ್ಷದ ಗಿಡ್ಡನೆಯ ಯುವಕನೊಬ್ಬ ಕುದುರೆ ಮುಟ್ಟುವ ಮೊದಲು ಕೈಗೆ ಮೂರು ಸಲ ಬೂದಿ ಉಜ್ಜಿ ಮೂಸಿ ನೋಡಿಕೊಳ್ಳುವುದನ್ನು ಕಂಡಿದ್ದರೆ, ಈ ಬರಹ ಬಂದ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಕುದುರೆಯ ಮೇಲೆ ಕೂತಿದ್ದನೋ, ಬರೀ ಹಗ್ಗ ಹಿಡಿದಿದ್ದನೋ, ಅದನ್ನೂ ತಿಳಿಸಿ. ಕೇಳಿದ್ದನ್ನಲ್ಲ, ಕಣ್ಣಾರೆ ಕಂಡದ್ದನ್ನು ಬರೆಯಿರಿ. ಎಷ್ಟು ದೂರವಾದರೂ ಸರಿ, ಈ ಸಲ ನಾನೇ ಎದ್ದು ಹೋಗಿ ನೋಡುತ್ತೇನೆ.